ಕಿರುಬೆರಳು ಜೋಮು ಹಿಡಿಯುತ್ತಿದೆ, ಮೊಣಕೈ ನೋವು: ಮೌಸ್ ಬದಲಿಸಲಾ, ಸೆನ್ಸ್ ಬದಲಿಸಲಾ?

ಹಾಸ್ಟೆಲ್_ಜೆಟ್

ಸ್ವಲ್ಪ ಉದ್ದ ಇದೆ, ಬೈಯಬೇಡಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್, ಮೂರನೇ ಸೆಮ್. ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್ ಆಡುತ್ತೇನೆ, ಈಗ ಡೈಮಂಡ್ ರ್‍ಯಾಂಕ್. ಇನ್ನು ಐದು ವಾರಕ್ಕೆ ಕಾಲೇಜು ಫೆಸ್ಟ್, ಅದರಲ್ಲಿ ಲ್ಯಾನ್ ಟೂರ್ನಮೆಂಟ್ ಇದೆ. ನಮ್ಮ ಟೀಮ್ ಹೆಸರು ಕೊಟ್ಟಾಗಿದೆ, ದುಡ್ಡೂ ಕಟ್ಟಿಯಾಗಿದೆ.

ಮೂರು ವಾರದ ಹಿಂದೆ ಒಂದು ವಿಡಿಯೊ ನೋಡಿ ಸೆನ್ಸ್ (ಮೌಸ್ ಎಳೆದರೆ ಆಟದಲ್ಲಿ ಎಷ್ಟು ತಿರುಗುತ್ತದೆ ಅನ್ನೋ ಸೆಟ್ಟಿಂಗ್) ಇಳಿಸಿದೆ. ಮೊದಲು ಮೌಸಿನ ವೇಗ 1600 ಡಿಪಿಐ, ಆಟದೊಳಗಿನ ಸೆನ್ಸ್ 0.8 ಇತ್ತು. ಪ್ರೋಗಳೆಲ್ಲ ಕಡಿಮೆ ಇಟ್ಟುಕೊಳ್ಳುತ್ತಾರೆ ಅಂತ ಒಂದೇ ರಾತ್ರಿಯಲ್ಲಿ 800 ಡಿಪಿಐ, 0.3ಕ್ಕೆ ಬಂದೆ. ಮೊದಲ ನಾಲ್ಕು ದಿನ ಗೋಣಿಚೀಲ ಎಳೆದ ಹಾಗಿತ್ತು, ಆಮೇಲೆ ಹೆಡ್‌ಶಾಟ್ ಜಾಸ್ತಿ ಬೀಳೋಕೆ ಶುರುವಾಯಿತು, ಆ ಖುಷಿಯಲ್ಲಿ ದಿನಕ್ಕೆ ಐದಾರು ಗಂಟೆ ಆಡಿದೆ, ಅದರ ಮೇಲೆ ಬೆಳಿಗ್ಗೆ ಒಂದು ಗಂಟೆ ಗುರಿ ಅಭ್ಯಾಸದ ಆಪ್ ಏಮ್‌ಲ್ಯಾಬ್ಸ್. ಈಗ ಹತ್ತು ದಿನದಿಂದ ಬಲಗೈ ಕಿರುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತಿದೆ. ಮೊಣಕೈಯ ಹೊರಬದಿ ನೋವು, ಬಕೆಟ್ ಎತ್ತಿದರೆ ಚುರ್ ಅನ್ನುತ್ತದೆ.

ಮೌಸ್ ಅಣ್ಣ ಬಿಟ್ಟುಹೋದದ್ದು, ದೊಡ್ಡದು, ಭಾರ. ಒಳ್ಳೆ ಹೆಸರಿರುವ ಕಂಪನಿಯದೇ, ಆದರೆ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತದೆ. ಪ್ಯಾಡ್ ಅಪ್ಪನ ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟದ್ದು, ಅಳತೆ ಮಾಡಿದೆ, 22 ಸೆಂ.ಮೀ. ಅಗಲ. ಕೈಯಲ್ಲಿ 2500 ರೂಪಾಯಿ ಇದೆ. ಹಗುರ ಮೌಸ್ ತಗೊಂಡರೆ ನೋವು ಹೋಗುತ್ತದಾ? ರೂಮ್‌ಮೇಟ್ ಹೇಳ್ತಾನೆ ಇದು ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತುವ ಕಾಯಿಲೆ), ಆಪರೇಷನ್ನೇ ಗತಿ ಅಂತ. ನಿದ್ದೆ ಬರುತ್ತಿಲ್ಲ.

ಹುಬ್ಬಳ್ಳಿ_ಹೆಡ್‌ಶಾಟ್

ಕಾರ್ಪಲ್ ಟನಲ್ಲೇ ಅದು, ಪಕ್ಕಾ. ನಮ್ಮ ಟೀಮಿನಾಗ ಒಬ್ಬಂಗ ಆಗಿತ್ತು. ಮೆಡಿಕಲ್ ಶಾಪಿನಾಗ ಮಣಿಕಟ್ಟಿನ ಬೆಲ್ಟ್ ಸಿಗತೈತಿ, ಬಿಗಿಯಾಗಿ ಕಟ್ಟಿಕೊಂಡು ಆಡು. ನೋವಿನ ಸ್ಪ್ರೇ ಹೊಡಕೋ. ಟೂರ್ನಮೆಂಟ್ ಮುಗಿಯೂತನಕ ತಡಕೋ ತಮ್ಮಾ, ಆಮೇಲೆ ರೆಸ್ಟ್ ತಗೊಂಡ್ರಾತು.

ಬಾಲ್‌ಮೌಸ್_ಕಾಲದವನು

ಹುಬ್ಬಳ್ಳಿ ಅಣ್ಣಾ, ಬೆಲ್ಟ್ ವಿಷಯ ತಿಳಿದವರು ಹೇಳಲಿ, ನಾನು ಲೆಕ್ಕ ಮಾತ್ರ ಹೇಳುತ್ತೇನೆ.

ಜೆಟ್, ಡಿಪಿಐ ಮತ್ತು ಸೆನ್ಸ್ ಗುಣಿಸು. ಅದಕ್ಕೆ ಇಡಿಪಿಐ ಅಂತಾರೆ. ನಿನ್ನ ಹಳೆಯದು 1280, ಹೊಸದು 240. ಈಗ ಸೆಂಟಿಮೀಟರಿಗೆ ತಂದು ನೋಡು. ಆಟದೊಳಗೆ ಒಂದು ಪೂರ್ತಿ ಸುತ್ತು ತಿರುಗೋಕೆ ಮೊದಲು ಮೌಸ್ 10 ಸೆಂ.ಮೀ. ಓಡಿದರೆ ಸಾಕಿತ್ತು. ಈಗ 54 ಸೆಂ.ಮೀ. ಬೇಕು. ಹಿಂದೆ ಯಾರೋ ಬಂದರು ಅಂತ ಅರ್ಧ ಸುತ್ತು ತಿರುಗಿದರೂ 27 ಸೆಂ.ಮೀ. ನಿನ್ನ ಪ್ಯಾಡೇ 22! ಅಂದರೆ ಪ್ರತಿ ಸಲ ಮೌಸ್ ಎತ್ತಿ, ವಾಪಸ್ ತಂದು, ಇಟ್ಟು, ಮತ್ತೆ ಎಳೆಯಬೇಕು. ಎತ್ತಬೇಕಾದರೆ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಹಿಂಡಿ ಹಿಡಿಯಬೇಕು. ಅದೂ ಭಾರದ ಮೌಸ್. ದಿನಕ್ಕೆ ಆರು ಗಂಟೆ. ಐದು ಪಟ್ಟು ಕೆಲಸ ಒಂದೇ ರಾತ್ರಿಯಲ್ಲಿ ಜಾಸ್ತಿ ಮಾಡಿ ಈಗ ಮೌಸ್ ಕೆಟ್ಟದು ಅಂತೀಯಲ್ಲ ಮಗಾ.

ನಾನು ಕೌಂಟರ್ ಸ್ಟ್ರೈಕ್ 1.6 ಕಾಲದವನು, ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಅದನ್ನು ಆಡಿದವನು. ಅಲ್ಲಿ ಮೌಸ್ ಹೊಟ್ಟೆಯಲ್ಲಿ ರಬ್ಬರ್ ಗುಂಡು ಇರುತ್ತಿತ್ತು, ಆಟ ಶುರುವಾಗೋ ಮೊದಲು ಗುಂಡು ತೆಗೆದು ರೋಲರಿನ ಕೊಳೆ ಉಗುರಲ್ಲಿ ಕೆರೆಯೋದೇ ವಾರ್ಮ್‌ಅಪ್. ಅಂಥ ಮೌಸಲ್ಲೂ ಹೊಡೆಯುವವರು ಹೊಡೆಯುತ್ತಿದ್ದರು.

ಕುಡ್ಲ_ಕ್ಲಚ್

ಬಾಲ್‌ಮೌಸ್ ಅಣ್ಣನ ಕೆಫೆ ಕಥೆ ಶುರುವಾಯಿತು, ಇನ್ನು ಚಹಾ ಇಟ್ಟುಕೊಂಡು ಕೂತುಕೊಳ್ಳಿ ಎಲ್ಲರೂ 😄

ಆದರೆ ಲೆಕ್ಕ ಸರಿ ಮಾರಾಯ. ಕಡಿಮೆ ಸೆನ್ಸ್ ಇದ್ದರೇ ಪ್ರೋ ಅನ್ನೋದು ಯಾರು ಹುಟ್ಟಿಸಿದ್ದೋ. ಹೆಸರಾಂತ ಪ್ರೋ ಆಟಗಾರ ಸಿಂಪಲ್ ಎಷ್ಟೋ ವರ್ಷ 400 ಡಿಪಿಐ, ಕೌಂಟರ್ ಸ್ಟ್ರೈಕ್‌ನಲ್ಲಿ 3.09 ಇಟ್ಟುಕೊಂಡು ಆಡಿದ. ವ್ಯಾಲೊರಂಟ್‌ಗೆ ತರಬೇಕಾದರೆ ಅದನ್ನು 3.18ರಿಂದ ಭಾಗಿಸಬೇಕು, ಹೆಚ್ಚುಕಮ್ಮಿ 0.97 ಬರುತ್ತದೆ, ಅಂದರೆ ಒಂದು ಸುತ್ತಿಗೆ 34 ಸೆಂ.ಮೀ. ಹತ್ತಿರ. ಅವನೇ 34ರಲ್ಲಿ ಇರಬೇಕಾದರೆ ನಿನಗೆ 54 ಯಾಕೆ? ಅವನಿಗೆ ದೊಡ್ಡ ಟೇಬಲ್ಲು, ಎತ್ತರ ಹೊಂದಿಸುವ ಕುರ್ಚಿ ಎಲ್ಲ ಉಂಟು. ನಿನ್ನ ಟೇಬಲ್ ಎಷ್ಟು ದೊಡ್ಡದು? ಕೂರೋದು ಯಾವುದರ ಮೇಲೆ?

ಹಾಸ್ಟೆಲ್_ಜೆಟ್

ಟೇಬಲ್ ಹಾಸ್ಟೆಲಿನದು, ಎತ್ತರ 76 ಸೆಂ.ಮೀ. ಕುರ್ಚಿ ಪ್ಲಾಸ್ಟಿಕ್ಕಿನದು, ಮದುವೆ ಮನೆಯಲ್ಲಿ ಇರುತ್ತಲ್ಲ ಅದು, ಕೂತರೆ ತಗ್ಗಾಗುತ್ತದೆ. ಟೇಬಲ್ ಮೇಲೆ ಲ್ಯಾಪ್‌ಟಾಪ್, ಕೀಬೋರ್ಡ್, ಪುಸ್ತಕ ಇರುವುದರಿಂದ ಪ್ಯಾಡ್ ಅಂಚಿಗೆ ಬಂದಿದೆ. ಮೊಣಕೈ ಟೇಬಲ್ ಅಂಚಿನ ಮೇಲೇ ಊರಿಕೊಂಡು ಇರುತ್ತದೆ. ಅದು ಮುಖ್ಯನಾ?

ಫಿಜಿಯೋ_ಅಕ್ಕ

ಮುಖ್ಯನಾ ಅಂತ ಕೇಳ್ತೀಯಲ್ಲಪ್ಪಾ, ಅದೇ ಮುಖ್ಯ.

ನಾನು ಮೈಸೂರಿನಲ್ಲಿ ಫಿಜಿಯೋಥೆರಪಿ ಮಾಡುತ್ತೇನೆ. ತಮ್ಮನ ಜೊತೆ ಆಡೋ ಚಟ ನನಗೂ ಇದೆ, ಅದಕ್ಕೇ ಇಲ್ಲಿದ್ದೇನೆ. ಮುಟ್ಟಿ ನೋಡದೆ ಯಾರೂ ಖಚಿತವಾಗಿ ಹೇಳೋಕಾಗಲ್ಲ, ಆದರೆ ನೀನು ಬರೆದದ್ದು ಕಾರ್ಪಲ್ ಟನಲ್ ತರ ಇಲ್ಲ. ಮಣಿಕಟ್ಟಿನ ಆ ಸುರಂಗದಲ್ಲಿ ಹೋಗುವುದು ಮೀಡಿಯನ್ ನರ. ಅದು ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ನಡುಬೆರಳ ಕಡೆಯ ಅರ್ಧ ಜೋಮು ಹಿಡಿಯುತ್ತದೆ. ಕಿರುಬೆರಳು ಅದರ ಲೆಕ್ಕಕ್ಕೆ ಬರಲ್ಲ. ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಅಲ್ನಾರ್ ನರದ್ದು. ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತಲ್ಲ, ಅದೇ ನರ. ಮೊಣಕೈಯ ಒಳಬದಿಯಲ್ಲಿ ಮೂಳೆಯ ಹಿಂದೆ ಚರ್ಮಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ನೀನು ಅದನ್ನು ಆರು ಗಂಟೆ ಮರದ ಅಂಚಿಗೆ ಒತ್ತಿ ಉಜ್ಜುತ್ತಿದ್ದೀಯ.

ಮನೆಯಲ್ಲೇ ನೋಡಿಕೊಳ್ಳುವುದು ಹೀಗೆ. ಮೊಣಕೈ ಪೂರ್ತಿ ಮಡಿಸಿ ಒಂದು ನಿಮಿಷ ಹಾಗೇ ಇರು. ಕಿರುಬೆರಳು ಜುಮ್ ಅಂದರೆ ಅನುಮಾನ ಮೊಣಕೈ ಮೇಲೆ. ಇನ್ನೊಂದು ಪ್ರಶ್ನೆ, ರಾತ್ರಿ ಮಲಗಿ ಫೋನ್ ನೋಡ್ತೀಯಾ?

ಹೊರಬದಿ ನೋವು ಬೇರೆ ವಿಷಯ. ಬೆರಳು, ಮಣಿಕಟ್ಟು ಮೇಲೆತ್ತುವ ಸ್ನಾಯುಗಳೆಲ್ಲ ಆ ಜಾಗಕ್ಕೆ ಬಂದು ಸೇರುತ್ತವೆ. ಟೆನಿಸ್ ಎಲ್ಬೋ ಅಂತಾರೆ. ಟೆನಿಸ್ ಆಡಬೇಕಾಗಿಲ್ಲ, ರೊಟ್ಟಿ ಬಡಿಯುವವರಿಗೂ ಬರುತ್ತದೆ. ಮೌಸ್ ಹಿಡಿದಾಗ ಬಟನ್ ಮೇಲೆ ಬೆರಳು ಗಾಳಿಯಲ್ಲಿ ಎತ್ತಿಕೊಂಡೇ ಇರುವುದು, ಮಣಿಕಟ್ಟು ಹಿಂದಕ್ಕೆ ಬಾಗಿರುವುದು, ಎರಡೂ ಆ ಸ್ನಾಯುವಿಗೆ ಕೆಲಸವೇ. ಕೈ ನೇರ ಚಾಚಿ, ಅಂಗೈ ಕೆಳಗೆ ಮಾಡಿ, ನಡುಬೆರಳು ಮೇಲೆತ್ತು. ರೂಮ್‌ಮೇಟ್ ಆ ಬೆರಳನ್ನು ಕೆಳಕ್ಕೆ ಒತ್ತಲಿ. ಮೊಣಕೈ ಹೊರಗಡೆ ನೋವು ಬಂದರೆ ಅದೇ.

ಹುಬ್ಬಳ್ಳಿಯವರೇ, ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡು ಆಡೋದು ಬೇಡ. ಮಣಿಕಟ್ಟು ಅಲ್ಲಾಡದಿದ್ದರೆ ಆ ಕೆಲಸ ಮೊಣಕೈಗೆ, ಭುಜಕ್ಕೆ ಹೋಗುತ್ತದೆ. ಕಾರ್ಪಲ್ ಟನಲ್ ಇದ್ದವರಿಗೆ ರಾತ್ರಿ ಮಲಗುವಾಗ ಮಣಿಕಟ್ಟು ನೇರ ಇರಲಿ ಅಂತ ಸ್ಪ್ಲಿಂಟ್ ಕೊಡುತ್ತಾರೆ, ಅದು ಬೇರೆ. ನಿಮ್ಮ ಟೀಮಿನವರಿಗೆ ಯಾವ ಬೆರಳು ಜೋಮು ಹಿಡಿದಿತ್ತು?

ಹುಬ್ಬಳ್ಳಿ_ಹೆಡ್‌ಶಾಟ್

ಕೇಳಿ ಹೇಳತೇನ್ರಿ ಅಕ್ಕಾ. ನಾ ಬೆರಳು ಎಣಿಸಿದ್ದಿಲ್ಲ.

ಹಾಸ್ಟೆಲ್_ಜೆಟ್

ಅಕ್ಕಾ, ಎರಡೂ ಮಾಡಿ ನೋಡಿದೆ. ಮೊಣಕೈ ಮಡಿಸಿ 40 ಸೆಕೆಂಡಿಗೇ ಜುಮ್ ಅಂತು. ನಡುಬೆರಳು ಒತ್ತಿದಾಗ ಕೂಗಿಕೊಂಡೆ, ಪಕ್ಕದ ರೂಮಿನವರು ಬಂದರು. ಹೌದು, ರಾತ್ರಿ ಒಂದು ಗಂಟೆ ರೀಲ್ಸ್ ನೋಡ್ತೀನಿ, ಬಲಗೈ ಮಡಿಸಿಕೊಂಡು ಫೋನ್ ಮುಖದ ಮುಂದೆ. ಪೂರ್ತಿ ಆಟ ನಿಲ್ಲಿಸಬೇಕಾ? ಟೀಮಿನವರು ಕೊಂದೇ ಬಿಡ್ತಾರೆ.

ಫಿಜಿಯೋ_ಅಕ್ಕ

ಪೂರ್ತಿ ನಿಲ್ಲಿಸು ಅಂತ ನಾನು ಹೇಳಲ್ಲ. ಮೂರು ವಾರ ಕೈ ಕಟ್ಟಿ ಕೂತರೆ ನೋವು ಹೋಗುತ್ತದೆ, ಜೊತೆಗೆ ಸ್ನಾಯುವಿನ ಶಕ್ತಿಯೂ ಹೋಗುತ್ತದೆ. ಆಮೇಲೆ ಟೂರ್ನಮೆಂಟ್ ದಿನ ಎಂಟು ಗಂಟೆ ಆಡಿದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀಯ. ನನ್ನ ಹತ್ತಿರ ಬರುವ ಹುಡುಗರಲ್ಲಿ ಅರ್ಧಕ್ಕರ್ಧ ಇದೇ ಕಥೆ. ನೋವು, ರೆಸ್ಟ್, ಹುಷಾರು, ಆಟ, ಮತ್ತೆ ನೋವು.

ಮೊದಲು ನರದ ವಿಷಯ. ಇವತ್ತಿನಿಂದಲೇ ಮೊಣಕೈ ಅಂಚಿಗೆ ತಾಗಬಾರದು. ಮಲಗುವಾಗ ಟವೆಲ್ ಮಡಚಿ ಮೊಣಕೈ ಸುತ್ತ ಸಡಿಲವಾಗಿ ಸುತ್ತಿಕೋ, ನಿದ್ದೆಯಲ್ಲಿ ಪೂರ್ತಿ ಮಡಿಸೋಕೆ ಆಗಬಾರದು ಅಷ್ಟೇ. ರೀಲ್ಸ್ ಬಿಡು ಅಂದರೆ ನೀನು ಬಿಡಲ್ಲ, ಫೋನನ್ನು ದಿಂಬಿಗೆ ಒರಗಿಸಿ ನೋಡು.

ಆಮೇಲೆ ಹೊರಬದಿ ನೋವಿಗೆ. ಮುಂಗೈ ಟೇಬಲ್ ಮೇಲೆ, ಅಂಗೈ ಕೆಳಮುಖ, ಹಸ್ತ ಅಂಚಿನಿಂದ ಆಚೆ. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟು ನೇರ ಇಟ್ಟು 30 ರಿಂದ 40 ಸೆಕೆಂಡ್ ಅಲ್ಲಾಡದೆ ಹಿಡಿ. ಒಂದು ನಿಮಿಷ ಬಿಡು. ಹೀಗೆ ನಾಲ್ಕೈದು ಸಲ, ದಿನಕ್ಕೊಮ್ಮೆ. ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಅರ್ಧ ಲೀಟರ್ ಬಾಟಲಿಗೆ ಇಳಿ. ವಾರ ಆದಮೇಲೆ ಅದೇ ಬಾಟಲಿ ನಿಧಾನವಾಗಿ ಇಳಿಸುವುದು, ಎಡಗೈಯಿಂದ ಎತ್ತಿಕೊಡುವುದು. ಐದು ವಾರದಲ್ಲಿ ಪೂರ್ತಿ ವಾಸಿ ಆಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡ. ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಸುಧಾರಿಸೋಕೆ ಎರಡು ಮೂರು ತಿಂಗಳೂ ಹಿಡಿಯುತ್ತದೆ.

ಮತ್ತೆ ಕೇಳು, ಇದು ಗಂಭೀರವಾಗಿ ಹೇಳುತ್ತಿದ್ದೇನೆ. ಅಂಗಿ ಗುಂಡಿ ಹಾಕೋಕೆ ಕಷ್ಟ ಆದರೆ, ಕೈಯಿಂದ ವಸ್ತು ಜಾರಿದರೆ, ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಕುಗ್ಗಿದ ಹಾಗೆ ಕಂಡರೆ, ಅಥವಾ ಜೋಮು ದಿನವಿಡೀ ಬಿಡದಿದ್ದರೆ ಇಲ್ಲಿ ಕೇಳುತ್ತಾ ಕೂರಬೇಡ. ಮೂಳೆ ಡಾಕ್ಟರೋ ನರ ಡಾಕ್ಟರೋ, ಯಾರಿಗಾದರೂ ತೋರಿಸು. ನರದಲ್ಲಿ ಕರೆಂಟ್ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುವ ಪರೀಕ್ಷೆ ಇದೆ, ಅದರಲ್ಲಿ ಗೊತ್ತಾಗುತ್ತದೆ. ಕುತ್ತಿಗೆಯಿಂದಲೂ ಇಂಥ ಜೋಮು ಬರಬಹುದು. ಎರಡೂ ಕೈ, ಪಾದ ಎಲ್ಲ ಜುಮ್ ಅಂದರೆ ಸಕ್ಕರೆ, ಬಿ12 ನೋಡಿಸಬೇಕು. ಹಾಸ್ಟೆಲಿನ ಅನ್ನ ಸಾರು ತಿನ್ನುವ ಸಸ್ಯಾಹಾರಿ ಹುಡುಗರಲ್ಲಿ ಬಿ12 ಕಡಿಮೆ ಇರುವುದು ನಾನು ತುಂಬಾ ನೋಡಿದ್ದೇನೆ.

ಡ್ಯೂಸೆಲ್ಡಾರ್ಫ್_ದೋಸೆ

ಅಕ್ಕ ಹೇಳಿದ ಮೇಲೆ ನಾನು ಸೇರಿಸೋದು ಕಡಿಮೆ. ಟೂರ್ನಮೆಂಟ್ ಮುಗಿಯೋ ತನಕ ತಡಕೋ ಅನ್ನೋ ಮಾತಿಗೆ ಮಾತ್ರ ಉತ್ತರ ಕೊಡಬೇಕು.

ಡೋಟಾ 2 ಆಡುತ್ತಿದ್ದ ಫಿಯರ್ ನೆನಪಿದ್ದಾನಾ? 2014ರಲ್ಲಿ ಕೈ ನೋವಿಂದ ಆಟದಿಂದ ಹೊರಗೆ ಕೂತ, ತನ್ನದೇ ಟೀಮಿಗೆ ಕೋಚ್ ಆದ. ಕೈ ಸುಧಾರಿಸಿದ ಮೇಲೆ ಬಂದು 2015ರ ಇಂಟರ್‌ನ್ಯಾಷನಲ್ (ಡೋಟಾದ ವಿಶ್ವಕಪ್ ಇದ್ದ ಹಾಗೆ) ಗೆದ್ದ. ಅದೇ 2016ರಲ್ಲಿ ಕೌಂಟರ್ ಸ್ಟ್ರೈಕ್‌ನಲ್ಲಿ ಒಲೋಫ್‌ಮೈಸ್ಟರ್ ಕೈ ನೋವಿಗೆ ಸ್ವಲ್ಪ ಕಾಲ ಟೀಮಿಂದ ದೂರ ಉಳಿಯಬೇಕಾಯಿತು. ಲೀಗ್ ಆಫ್ ಲೆಜೆಂಡ್ಸ್‌ನ ಉಜಿ 2020ರ ಜೂನ್‌ನಲ್ಲಿ ನಿವೃತ್ತಿ ಹೇಳಿದಾಗ ವಯಸ್ಸು 23. ಕೈ ಹಾಳಾಗಿತ್ತು, ಜೊತೆಗೆ ಟೈಪ್ 2 ಸಕ್ಕರೆ ಕಾಯಿಲೆ. ಇವರೆಲ್ಲ ದುಡ್ಡಿಗೆ ಆಡುವವರು, ಜೊತೆಯಲ್ಲಿ ಡಾಕ್ಟರ್ ಇರುವವರು. ನಿನ್ನ ಫೆಸ್ಟಿನ ಬಹುಮಾನ ಎಷ್ಟು?

ಹಾಸ್ಟೆಲ್_ಜೆಟ್

ಐದು ಜನಕ್ಕೆ ಸೇರಿ 8000. ಮತ್ತೆ ಒಂದು ಟ್ರೋಫಿ.

ಡ್ಯೂಸೆಲ್ಡಾರ್ಫ್_ದೋಸೆ

ತಲೆಗೆ 1600. ಒಂದು ಸಲ ಡಾಕ್ಟರ್ ಹತ್ತಿರ ಹೋದರೆ ಮುಗಿಯಿತು 😂

ಎಸ್ಪಿರೋಡ್_ಸೋಲ್ಡರ್

ಮೌಸ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ರಿಪೇರಿ ಕೆಲಸ ನಂದು.

ಡಬಲ್ ಕ್ಲಿಕ್ ಆಗೋದು ಬಟನ್ ಕೆಳಗಿನ ಸಣ್ಣ ಸ್ವಿಚ್ಚಿಂದ. ಒಳಗೆ ಎಲೆಯಂಥ ತಾಮ್ರದ ಪಟ್ಟಿ ಇರುತ್ತೆ, ಅದು ತಾಗುವ ಜಾಗ ಸವೆದು ಕಪ್ಪಾದರೆ ಒಂದು ಒತ್ತಿಗೆ ಎರಡು ಸಲ ತಾಗಿದ ಹಾಗೆ ಸಿಗ್ನಲ್ ಹೋಗುತ್ತೆ. ಯಾವ ಕಂಪನಿ ಮೌಸಿಗಾದರೂ ಬರುತ್ತೆ. ಮೌಸ್ ಬಿಸಾಡಬೇಡಿ, ಸ್ವಿಚ್ ಬದಲಿಸಿದರೆ ಆಯಿತು, ಬೆಸುಗೆ ಹಾಕೋಕೆ ಬರುವ ಯಾರಾದರೂ ಮಾಡ್ತಾರೆ. ಈಗ ಬರುವ ಕೆಲವು ಮೌಸಲ್ಲಿ ಬೆಳಕಿನಿಂದ ಕೆಲಸ ಮಾಡುವ ಸ್ವಿಚ್ ಇರುತ್ತೆ, ಅದಕ್ಕೆ ಈ ಕಾಯಿಲೆ ಇಲ್ಲ. ಇದೂ ಕೈಗೆ ಸಂಬಂಧ ಇದೆ ನೋಡಿ. ಬಟನ್ ಕೈಕೊಡುತ್ತೆ ಅಂತ ಗೊತ್ತಾದರೆ ನಾವು ತಿಳಿಯದ ಹಾಗೆ ಜೋರಾಗಿ ಒತ್ತೋಕೆ ಶುರು ಮಾಡ್ತೀವಿ.

2500ಕ್ಕೆ ಲಾಜಿಟೆಕ್ ಜಿ102 ತಗೊಳ್ಳಿ, ತಂತಿ ಇದೆ, 85 ಗ್ರಾಂ. ತಂತಿ ಬೇಡ ಅಂದರೆ ಜಿ304, ಬ್ಯಾಟರಿ ಸೇರಿ 99. ಅದರಲ್ಲಿ ಸಾದಾ ಎಎ ಸೆಲ್ 23 ಗ್ರಾಂ ತೂಗುತ್ತೆ, ಲಿಥಿಯಂ ಸೆಲ್ ಹಾಕಿದರೆ 15. ಎಂಟು ಗ್ರಾಂ ಉಳಿತಾಯ, ಹಿಂದೆ ವಾಲುವುದೂ ಕಡಿಮೆ. 60 ಗ್ರಾಂ ಮೌಸ್ ಚೆನ್ನಾಗಿರುತ್ತೆ ನಿಜ, ಆದರೆ ಆ ದುಡ್ಡಿಗೆ ನಿಮ್ಮ ಟೀಮಿಗೆಲ್ಲ ಕುರ್ಚಿ ಬರುತ್ತೆ. ಮೊದಲು ಕೈ ಅಳತೆ ಹೇಳಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿ ತನಕ.

ಹಾಸ್ಟೆಲ್_ಜೆಟ್

17 ಸೆಂ.ಮೀ. ಈಗಿನ ಮೌಸ್ 12.7 ಉದ್ದ. ಅಂಗೈ ಪೂರ್ತಿ ಇಟ್ಟರೆ ಬೆರಳು ಬಟನ್ ತುದಿಗೆ ಸಿಗಲ್ಲ, ಅದಕ್ಕೆ ಬೆರಳು ಚಾಚಿಕೊಂಡು ಹಿಡೀತೀನಿ.

ಬಾಲ್‌ಮೌಸ್_ಕಾಲದವನು

ಅಣ್ಣನ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ ಅದು. ಜಿ102 ಸಾಕು ನಿನಗೆ, 11 ಚಿಲ್ಲರೆ ಉದ್ದ. ಉಳಿದ ದುಡ್ಡಿಗೆ 45 ಬೈ 40ರ ಬಟ್ಟೆ ಪ್ಯಾಡ್ ತಗೋ. ನನ್ನ ಕೇಳಿದರೆ ಮೊದಲು ಪ್ಯಾಡ್, ಆಮೇಲೆ ಮೌಸ್.

ಅಂಗೈ ಊರಿ ಹಿಡಿ, ಹದ್ದಿನ ಪಂಜದ ಹಾಗೆ ಬೆರಳು ಮಡಿಸಿ ಹಿಡಿ, ಬೆರಳ ತುದಿಯಲ್ಲಿ ಹಿಡಿ, ನಿನಗೆ ಬಿಟ್ಟದ್ದು. ಈ ಮೂರರಲ್ಲಿ ಯಾವುದು ಮೇಲು ಅಂತ ಜಗಳ ಆಡೋರನ್ನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ಇನ್ನೂ ತೀರ್ಮಾನ ಆಗಿಲ್ಲ. ಯಾವ ಹಿಡಿತ ಆದರೂ ಕೊಲೆ ಮಾಡೋ ಹಾಗೆ ಹಿಂಡಬಾರದು. ಒಬ್ಬನೇ ಉಳಿದು ಎದುರಿಗೆ ಇಬ್ಬರಿದ್ದಾಗ ನಿನ್ನ ಕೈ ನೋಡಿಕೋ, ಉಸಿರು ಹಿಡಿದಿರ್ತೀಯ, ಹೆಬ್ಬೆರಳ ಉಗುರು ಬೆಳ್ಳಗಾಗಿರುತ್ತೆ. ಅಷ್ಟು ಬಿಗಿ ಕೈಯಲ್ಲಿ ಸಣ್ಣ ತಿದ್ದುಪಡಿ ಆಗಲ್ಲ, ಗುರಿ ತಲೆ ದಾಟಿ ಆಚೆ ಹೋಗುತ್ತೆ. ದೊಡ್ಡ ತಿರುವು ಮುಂಗೈಯಿಂದ, ಕೊನೆಯ ಚೂರು ಬೆರಳಿಂದ. ಕೇರಂ ನೆನೆಸಿಕೋ. ಸ್ಟ್ರೈಕರ್ ಮುಷ್ಟಿಯಲ್ಲಿ ಹಿಡಿದು ಯಾರಾದರೂ ಹೊಡೀತಾರಾ?

ನಾನು ಮಾಡುವುದು ಇಷ್ಟು. ಸತ್ತ ತಕ್ಷಣ ಮೌಸಿಂದ ಕೈ ತೆಗೆದು ತೊಡೆ ಮೇಲೆ ಇಡ್ತೀನಿ. ಗನ್ ಕೊಳ್ಳೋಕೆ ಪ್ರತಿ ರೌಂಡಿಗೆ 30 ಸೆಕೆಂಡ್ ಕೊಡ್ತಾರೆ, ಕೊಳ್ಳೋಕೆ ಐದು ಸೆಕೆಂಡ್ ಸಾಕು, ಉಳಿದದ್ದರಲ್ಲಿ ಬೆರಳು ಬಿಡಿಸಿ ಅಲ್ಲಾಡಿಸ್ತೀನಿ. ಇಪ್ಪತ್ತು ರೌಂಡಾದರೆ ಎಂಟು ನಿಮಿಷ ಕೈಗೆ ರೆಸ್ಟ್. ಪುಕ್ಕಟೆ.

ಕುಡ್ಲ_ಕ್ಲಚ್

ಕೇರಂ ಅಂದಾಗ ನೆನಪಾಯಿತು. ಮಳೆಗಾಲದಲ್ಲಿ ನಮ್ಮ ಮಂಗಳೂರಿನ ಸೆಕೆಗೆ ಬಟ್ಟೆ ಪ್ಯಾಡ್ ಒದ್ದೆ ದೋಸೆ ಹಾಗೆ ಆಗುತ್ತದೆ, ಮೌಸ್ ಓಡುವುದೇ ಇಲ್ಲ. ಒಂದು ಸಲ ಬುದ್ಧಿವಂತಿಕೆ ಮಾಡಿ ಕೇರಂ ಪೌಡರ್ ಉದುರಿಸಿದೆ. ಹತ್ತು ನಿಮಿಷ ಸ್ವರ್ಗ. ಆಮೇಲೆ ಪುಡಿ ಸೆನ್ಸರ್ ತೂತಿಗೆ ಹೋಗಿ ಕರ್ಸರ್ ಹುಚ್ಚು ಹಿಡಿದ ಹಾಗೆ ಕುಣಿಯಿತು. ಮಾಡಬೇಡಿ.

ತಮಾಷೆ ಬಿಟ್ಟು ಹೇಳುವುದಾದರೆ ಇದೂ ಕೈ ನೋವಿಗೆ ಕಾರಣವೇ. ಪ್ಯಾಡ್ ನಿಧಾನ ಆದರೆ ನಾವು ಮೌಸನ್ನು ಒತ್ತಿ ದೂಡುತ್ತೇವೆ, ಒತ್ತಿದಷ್ಟೂ ಇನ್ನೂ ಅಂಟುತ್ತದೆ. ತೆಳು ಬಟ್ಟೆಯ ತೋಳು ಹಾಕಿಕೊಂಡರೆ ಬೆವರು ತಾಗುವುದಿಲ್ಲ, ಹಳೆ ಕಾಲುಚೀಲದ ತುದಿ ಕತ್ತರಿಸಿದರೂ ನಡೆಯುತ್ತದೆ. ತಿಂಗಳಿಗೊಮ್ಮೆ ಪ್ಯಾಡನ್ನು ತಣ್ಣೀರು, ಚೂರು ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ನಿಮ್ಮಲ್ಲಿ ಒಂದು ದಿನ, ನಮ್ಮಲ್ಲಿ ಜುಲೈಯಲ್ಲಿ ನಾಲ್ಕು ದಿನ. ಮೌಸಿನ ಕೆಳಗಿನ ಟೆಫ್ಲಾನ್ ಪಾದ ಸವೆದಿದ್ದರೆ ಅದನ್ನೂ ಬದಲಿಸಿ.

ಹುಬ್ಬಳ್ಳಿ_ಹೆಡ್‌ಶಾಟ್

ಅಕ್ಕಾ, ಕೇಳಿದೆ. ಅವನಿಗೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿತಿತ್ತಂತ, ರಾತ್ರಿ ಎಚ್ಚರ ಆಗಿ ಕೈ ಝಾಡಿಸತಿದ್ನಂತ. ಬೆಲ್ಟ್ ಡಾಕ್ಟರ್ ಕೊಟ್ಟಿದ್ದು ಮಲಗೂ ಮುಂದ ಹಾಕಾಕ. ಅವ ಅದನ್ನ ಆಡೂ ಮುಂದ ಹಾಕ್ಕೋತಿದ್ದ. ನಾ ಅದನ್ನ ನೋಡಿ ಇಲ್ಲಿ ಬರದೆ. ತಪ್ಪಾತು ತಮ್ಮಾ.

ಫಿಜಿಯೋ_ಅಕ್ಕ

ರಾತ್ರಿ ಎದ್ದು ಕೈ ಝಾಡಿಸುವುದು ಕಾರ್ಪಲ್ ಟನಲ್‌ನ ಗುರುತೇ. ನಿಮ್ಮ ಗೆಳೆಯನ ವಿಷಯದಲ್ಲಿ ನೀವು ಸರಿಯಾಗೇ ಹೇಳಿದ್ದಿರಿ.

ಜೆಟ್, ಸೆನ್ಸ್ ಏನು ಮಾಡಿದೆ?

ಬಾಲ್‌ಮೌಸ್_ಕಾಲದವನು

ಅದಕ್ಕೆ ನಾನು ಹೇಳ್ತೀನಿ. 800ರಲ್ಲಿ 0.8 ಇಡು, ಇಡಿಪಿಐ 640. ಒಂದು ಸುತ್ತಿಗೆ 20 ಸೆಂ.ಮೀ., ಅರ್ಧ ಸುತ್ತಿಗೆ 10. ಈಗಿರುವ ಪ್ಯಾಡಲ್ಲೂ ಮೌಸ್ ಎತ್ತದೆ ತಿರುಗಬಹುದು. ಫೆಸ್ಟ್ ತನಕ ಮುಟ್ಟಬೇಡ. ಆಮೇಲೆ ಬೇಕು ಅಂದರೆ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸು. ಕಂಟ್ರೋಲ್ ಪ್ಯಾನೆಲ್ಲಲ್ಲಿ ಪಾಯಿಂಟರ್ ಪ್ರಿಸಿಷನ್ ಅಂತ ಒಂದು ಟಿಕ್ ಇರುತ್ತದೆ, ತೆಗೆದುಬಿಡು. ಅದು ಇದ್ದರೆ ಡೆಸ್ಕ್‌ಟಾಪಲ್ಲಿ ಮೌಸ್ ಜೋರಾಗಿ ತಳ್ಳಿದಾಗ ಒಂದು ತರ, ಮೆಲ್ಲಗೆ ತಳ್ಳಿದಾಗ ಇನ್ನೊಂದು ತರ ಓಡುತ್ತೆ. ಬೆಳಗಿನ ಏಮ್‌ಲ್ಯಾಬ್ಸ್ ಒಂದು ಗಂಟೆ ಬೇಡ, ಹದಿನೈದು ನಿಮಿಷ. ಗುರಿ ಮೊದಲೇ ತಲೆ ಎತ್ತರಕ್ಕೆ ಇಟ್ಟುಕೊಂಡು ಮೂಲೆ ತಿರುಗಿದರೆ ಅರ್ಧ ಎಳೆದಾಟ ಇರುವುದೇ ಇಲ್ಲ.

ಹಾಸ್ಟೆಲ್_ಜೆಟ್

ಐದೂವರೆ ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಮೆಸ್ಸಿಂದ ಒಂದು ಹಳೆ ಮರದ ಕುರ್ಚಿ ತಂದೆ, ಮೇಲೆ ದಿಂಬು. ಈಗ ಮೊಣಕೈ ಟೇಬಲ್ಲಿಗಿಂತ ಸ್ವಲ್ಪ ಮೇಲೆ ಬಂತು. ಪುಸ್ತಕ ಎಲ್ಲ ಮಂಚದ ಮೇಲೆ. ಮುಂಗೈ ಪ್ಯಾಡ್ ಮೇಲೆ ಇರುತ್ತದೆ, ಅಂಚಿಗೆ ತಾಗಲ್ಲ. ಜೋಮು ಎರಡನೇ ವಾರಕ್ಕೇ ಹೋಯಿತು, ಈಗ ಬರುವುದು ಫೋನ್ ನೋಡುವಾಗ ಮಾತ್ರ, ಅದು ನನ್ನದೇ ತಪ್ಪು. ಡಾಕ್ಟರಿಗೂ ತೋರಿಸಿದೆ, ನರ ಪರೀಕ್ಷೆ ಈಗ ಬೇಡ, ಮತ್ತೆ ಬಂದರೆ ಮಾಡೋಣ ಅಂದರು. ಮೊಣಕೈ ಹೊರಬದಿ ನೋವು ಇನ್ನೂ ಇದೆ, ಬಕೆಟ್ ಎಡಗೈಯಲ್ಲೇ ಎತ್ತುತ್ತೇನೆ. ಬಾಟಲಿ ನಡೀತಿದೆ. ಹಾಸ್ಟೆಲಲ್ಲಿ ಈಗ ನನ್ನ ಹೆಸರು ಬಿಸ್ಲೇರಿ.

ಮ್ಯಾಚ್ ಸೆಮಿಫೈನಲ್‌ನಲ್ಲಿ ಸೋತೆವು, 11-13. ಕೊನೆ ರೌಂಡಲ್ಲಿ ನಾನೇ ಉಳಿದಿದ್ದೆ, ಹೆಬ್ಬೆರಳ ಉಗುರು ನೋಡಿಕೊಂಡೆ, ಬೆಳ್ಳಗಿತ್ತು. ಅದನ್ನು ನೋಡೋ ಹೊತ್ತಿಗೆ ಅವನು ಹೊಡೆದ.

ಬಾಲ್‌ಮೌಸ್_ಕಾಲದವನು

ಲೋ, ಆಡೋವಾಗ ನೋಡು ಅಂದಿರಲಿಲ್ಲ ಕಣೋ!

ಎಸ್ಪಿರೋಡ್_ಸೋಲ್ಡರ್

ಅಣ್ಣನ ಹಳೆ ಮೌಸ್ ಏನು ಮಾಡಿದ್ರಿ? ಬಿಸಾಡಿಲ್ಲ ಅಂದರೆ ಬೆಂಗಳೂರಿಗೆ ಬರುವವರ ಕೈಯಲ್ಲಿ ಕಳಿಸಿ, ಸ್ವಿಚ್ ಹಾಕಿಕೊಡ್ತೀನಿ.

ಹಾಸ್ಟೆಲ್_ಜೆಟ್

ರೂಮ್‌ಮೇಟ್ ಇಟ್ಟುಕೊಂಡಿದ್ದಾನೆ ಸರ್. ಅವನ ಕೈ 20 ಸೆಂ.ಮೀ. ಈಗ ಅವನೂ ಸೆನ್ಸ್ ಇಳಿಸಬೇಕು ಅಂತಿದ್ದಾನೆ, ಈ ಲಿಂಕ್ ಕಳಿಸಿದ್ದೇನೆ.